ಬೋರ್ಡಿನ ವ್ಯಾಟು, ಮಿಲ್ಲಿನ ಕಾಟಾ

ಸುಳ್ಳು ಹೇಳುವ ಮದರ್‌ಬೋರ್ಡ್ ನೋಡಿದ್ದೀರಾ ಗೆಳೆಯರೇ? ನನಗೊಂದು ಸಿಕ್ಕಿದೆ. ಪ್ರೊಸೆಸರ್ ರೊಟ್ಟಿ ಹಂಚಿನಂತೆ ಕಾಯುತ್ತದೆ, ಬೋರ್ಡ್ ಮಾತ್ರ ಅದು ತಿನ್ನುವುದು ಅರವತ್ತೇ ವ್ಯಾಟ್ ಎಂದು ಸ್ಕ್ರೀನಿನ ಮೇಲೆ ತೋರಿಸುತ್ತದೆ. ಇವತ್ತು ಗಂಗಾವತಿಯಲ್ಲಿ, ಬೋರ್ಡ್ ಕೊಟ್ಟ ಅಂಗಡಿಯಲ್ಲೇ, ಪ್ಲಗ್ಗಿಗೆ ಮೀಟರ್ ಸಿಕ್ಕಿಸಿ ತೋರಿಸಿದೆ. ಪ್ರೊಸೆಸರಿಗೆ ಕೆಲಸ ಕೊಟ್ಟೊಡನೆ ಕರೆಂಟಿನ ಬಳಕೆ ಸ್ಕ್ರೀನ್ ಹೇಳಿದ್ದರ ಎರಡು ಪಟ್ಟು ಏರಿತು.

ಅಂಗಡಿಯವನು ನಕ್ಕ. "ನಿಮ್ಮ ಮೀಟರ್ ಕೆಟ್ಟೈತ್ರಿ ಸರ್. ಬೋರ್ಡ್ ಯಾಕ ಸುಳ್ಳು ಹೇಳ್ತೈತಿ? ಸ್ಕ್ರೀನ್ ಮ್ಯಾಲ ಬಂದಿದ್ದನ್ನ ನಂಬಬೇಕ್ರಿ."

ಅಷ್ಟರಲ್ಲಿ ಅವನ ತಮ್ಮನ ಫೋನ್ ಬಂತು, ಇವರ ಗದ್ದೆಯ ಭತ್ತ ಹೊತ್ತ ಟ್ರ್ಯಾಕ್ಟರ್ ರೈಸ್ ಮಿಲ್ಲಿನ ಗೇಟಿಗೆ ಮುಟ್ಟಿದೆಯಂತೆ. ಇವನು ಚೀರಿದ: "ಲೇ, ಮಿಲ್ಲಿನ ಕಾಟಾ ನಂಬಬ್ಯಾಡ! ಮೊದಲ ಹೊರಗ ತೂಕ ಮಾಡಿಸ್ಕೊಂಡು ಹೋಗು!"

ಫೋನ್ ಇಟ್ಟವನು ನನ್ನ ಮೀಟರನ್ನೊಮ್ಮೆ ನೋಡಿದ. "ಭತ್ತದ ಮಾತು ಬ್ಯಾರೆ ಐತ್ರಿ ಸರ್."

ಹೌದು. ವ್ಯಾಟು ಇವನ ಗದ್ದೆಯಲ್ಲಿ ಬೆಳೆದಿದ್ದರೆ ನನ್ನ ಮೀಟರ್ ಇಷ್ಟೊತ್ತಿಗೆ ಸರಿಹೋಗಿರುತ್ತಿತ್ತು.