ಮರಕ್ಕಿಟ್ಟ ಕಿವಿ

ತಿಪಟೂರಿನ ಟೈಲರ್ ಮಗಳು ಬಷೀರುನ್ನೀಸಾ ಹಾಲ್ಕುರಿಕೆಯಾಚೆಯ ಹಳ್ಳಿಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಪುಸ್ತಕ ಹಿಡಿದು ಕೊರೆಯುವುದು ಅವರಿಗೆ ಆಗದ ಕೆಲಸ. ಮಕ್ಕಳನ್ನು ಅಂಗಳಕ್ಕೆ ಅಟ್ಟಿ, ಬೋರ್‌ವೆಲ್ ಪಕ್ಕದ ತೆಂಗಿನಮರಗಳ ಮುಂದೆ ನಿಲ್ಲಿಸಿ, ಸುಳಿ ನೆಟ್ಟಗಿದೆಯಾ, ಗರಿ ಯಾಕೆ ಹಳದಿ, ಕಾಂಡದಲ್ಲಿ ತೂತಿದೆಯಾ ಎಂದು ನೋಡಿಸುತ್ತಿದ್ದರು. ಕೆಂಪು ಮೂತಿ ಹುಳುವಿನ ಮರಿ ಒಳಗೆ ತಿರುಳು ತಿನ್ನುವ ಸದ್ದು ಕಾಂಡಕ್ಕೆ ಕಿವಿಯಿಟ್ಟರೆ ಕೇಳಿಸುತ್ತದೆ. ಆ ಪಾಠವೆಂದರೆ ಮಕ್ಕಳಿಗೆ ಹಬ್ಬ.

ಆದರೆ ಮಿಸ್‌ಗೆ ಈಚೆಗೆ ಕಿವಿ ಮಂದವಾಗಿತ್ತು. ಊರವರು ಕಿವುಡಿ ಮೇಡಂ ಎಂದು ಆಡಿಕೊಂಡಾರೆಂಬ ಅಂಜಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಮಕ್ಕಳ ತುಟಿ ನೋಡಿಯೇ ಉತ್ತರ ಸರಿಯೋ ತಪ್ಪೋ ಹೇಳಿಬಿಡುವಷ್ಟು ಗಟ್ಟಿಗಿತ್ತಿ.

ಎರಡು ಸಾವಿರದೊಂದರ ದೀಪಾವಳಿ ಮುಗಿದಿತ್ತು. ಏಳನೇ ಕ್ಲಾಸಿನ ನಯನ ಮರಕ್ಕೆ ಕಿವಿಯಿಟ್ಟವಳು, "ಮಿಸ್, ಒಳ್ಗೆ ಕರಕರ ಅಂತೈತೆ" ಎಂದಳು. ಮಿಸ್ ತಾವೂ ಕಿವಿ ಒತ್ತಿದರು. ಏನೂ ಇಲ್ಲ. ತಮ್ಮ ಕಿವಿಯ ಸಂಗತಿ ಅವರಿಗೆ ಗೊತ್ತೇ ಇತ್ತು. ಆದರೂ ಎಲ್ಲರೆದುರು ಸಿಕ್ಕಿಬೀಳುವ ದಿಗಿಲಿಗೆ, "ಸುಳ್ಳು ಬೇರೆ ಹೇಳ್ತೀಯೇನೇ? ಹೋಗಿ ಹಿಂದೆ ನಿಂತ್ಕೋ" ಎಂದು ಗದರಿದರು. ಮಕ್ಕಳು ಗೊಳ್ಳೆಂದು ನಕ್ಕರು.

ಸಂಕ್ರಾಂತಿ ಕಳೆಯುವಷ್ಟರಲ್ಲಿ ಆ ಮರದ ಸುಳಿ ಮುರಿದು ಬಿತ್ತು. ಕಡಿಸಿದರೆ ಒಳಗೆಲ್ಲ ಹುಳು. ಆಗಲೇ ತೂತಿಗೆ ಔಷಧಿ ಬಿಟ್ಟಿದ್ದರೆ ಉಳಿಯುತ್ತಿತ್ತೇನೋ.

"ಹಳೇ ಮರ, ಬುಡಿ ಮೇಡಂ" ಎಂದರು ಹೆಡ್‌ಮಾಸ್ಟರು. ಆ ಸಮಾಧಾನದ ಮಾತೇ ಮಿಸ್‌ಗೆ ಹಿಂಸೆಯಾಯಿತು. ನಯನ ಅವತ್ತಿನಿಂದ ಕ್ಲಾಸಿನಲ್ಲಿ ಕೈಯೆತ್ತುವುದನ್ನೇ ಬಿಟ್ಟಿದ್ದಳು. ಮರ ಹೋದರೆ ಇನ್ನೊಂದು ನೆಡಬಹುದು, ಈ ಹುಡುಗಿಗೆ ನಾನು ಮಾಡಿದ್ದೇನು ಎಂದು ಮತ್ತೆ ಮತ್ತೆ ಅಂದುಕೊಳ್ಳುತ್ತಿದ್ದರು.

ಕೊನೆಗೊಂದು ದಿನ ಅವಳನ್ನು ಪಕ್ಕದ ಮರದ ಹತ್ತಿರ ಕರೆದೊಯ್ದರು.

"ಅವತ್ತು ನೀನು ಹೇಳಿದ್ದೇ ಸರಿ ಕಣೇ. ಇದನ್ನ ಕೇಳಿ ಹೇಳು."

ಹುಡುಗಿ ಕಿವಿಯಿಟ್ಟಳು. ಆಮೇಲೆ ಮಿಸ್ ಮುಖವನ್ನೇ ನೋಡಿದಳು. "ಏನೂ ಇಲ್ಲ ಮಿಸ್."

ಆ ಅಂಜಿದ ನೋಟ ಕಂಡ ಮೇಲೆ ಬಷೀರುನ್ನೀಸಾಗೆ ಮುಚ್ಚಿಡಲು ಆಗಲಿಲ್ಲ.

"ನಂಗೆ ಕಿವಿ ಕೇಳ್ಸಲ್ಲ ನಯನಾ. ಅವತ್ತೂ ಕೇಳ್ಸಿರ್ಲಿಲ್ಲ. ಗೊತ್ತಿದ್ದೂ ಎಲ್ಲರ ಮುಂದೆ ನಿನ್ನ ಸುಳ್ಳುಗಾತಿ ಮಾಡ್ದೆ."

ನಯನ ತಲೆಯೆತ್ತಿ, ಮಿಸ್‌ಗೆ ಕೇಳಿಸಲೆಂದು ಗಟ್ಟಿಯಾಗಿ ಹೇಳಿದಳು:

"ಇದ್ರಾಗೂ ಐತೆ ಮಿಸ್. ಆಗ್ಲೇ ಕೇಳಿಸ್ತು. ಬೈತೀರ ಅಂತ ಇಲ್ಲ ಅಂದೆ."