ಕಾಲುವೆಯ ನಡುವಿನ ಸೆಳೆತ

ಪ್ಲಾಸ್ಟಿಕ್ ಕೊಡವನ್ನು ಎದೆಗವಚಿಕೊಂಡು ಕಾಲುವೆ ದಾಟುತ್ತಿದ್ದ ಹುಡುಗಿ ನಡುನೀರಿಗೆ ಬಂದೊಡನೆ ಗಿರ್ರನೆ ತಿರುಗಿ ಕೊಚ್ಚಿಹೋಗತೊಡಗಿದಳು. ಶ್ರೀರಾಮನಗರದ ಸೇತುವೆಯ ಮೇಲೆ ಸ್ಕೂಟರ್ ನಿಲ್ಲಿಸಿದ್ದ ನಾನು ದಂಡೆಯತ್ತ ಓಡಿದೆ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅವಳ ಅವ್ವ ಕೈಯಲ್ಲಿದ್ದ ಸೀರೆಯನ್ನೇ ಬೀಸಿ ಎಸೆದಳು. ಹುಡುಗಿ ಅದರ ತುದಿ ಹಿಡಿದಳು. ನಾನೂ ಸೀರೆಗೆ ಕೈಹಾಕಿದೆ. ಇಬ್ಬರೂ ಸೇರಿ ಅವಳನ್ನು ದಂಡೆಗೆ ಎಳೆದುಕೊಂಡೆವು.

ಇಲ್ಲಿನ ಮಕ್ಕಳು ಈಜು ಕಲಿಯುವುದೇ ಖಾಲಿ ಕೊಡ ಹಿಡಿದು. ಹತ್ತನೇ ತರಗತಿಯ ಈ ಹುಡುಗಿ ಅದನ್ನೇ ನಂಬಿದ್ದಳು. ಹೊಳೆಯನ್ನು ನೇರವಾಗಿ ದಾಟಹೊರಟ ದೋಣಿ ಎಷ್ಟು ಕೆಳಗೆ ಹೋಗಿ ದಡ ಸೇರುತ್ತದೆ ಎಂಬ ಭೌತಶಾಸ್ತ್ರದ ಲೆಕ್ಕವೊಂದು ಅವಳನ್ನು ಕಾಡುತ್ತಿತ್ತಂತೆ.

"ಉತ್ತರ ಖರೇನ ಏನಂತ ನೋಡಾಕ ಇಳಿದಿದ್ನಿರಿ, ಅಕ್ಕಾರ," ಎಂದಳು ನಡುಗುತ್ತ. "ಲೆಕ್ಕದಾಗ ನೀರು ಎಲ್ಲಾ ಕಡಿ ಒಂದ ವೇಗದಾಗ ಹರೀತೈತಿ ಅಂದಾರ್ರಿ. ಇಲ್ಲಿ ನಡುವ ಭಾಳ ಎಳೀತೈತಿ."

"ಸತ್ತಿದ್ರ ಯಾರಿಗೆ ಹೇಳ್ತಿದ್ದಿ ನಿನ್ನ ಉತ್ತರಾ?" ಎಂದು ಅವ್ವ ಬೆನ್ನಿಗೊಂದು ಗುದ್ದಿ, ಅವಳನ್ನು ತಬ್ಬಿಕೊಂಡು ಅತ್ತಳು.

ಭೌತಶಾಸ್ತ್ರದಲ್ಲಿ ಪದವಿ ಓದಿದ ನನಗೆ ಹುಡುಗಿ ಕಂಡುಕೊಂಡದ್ದು ಸರಿಯೆಂದು ಗೊತ್ತಿತ್ತು. ಆ ಅಳುವಿನ ಮುಂದೆ ಹೇಳಲಾಗಲಿಲ್ಲ. ಭಾನುವಾರ ಮನೆ ಹುಡುಕಿಕೊಂಡು ಹೋಗಿ, ಅವ್ವನ ಎದುರಿಗೇ ಹೇಳಿದೆ. ಹುಡುಗಿಯ ಮುಖ ಅರಳಿತು. ಚಹಾದ ಲೋಟ ಕೆಳಗಿಟ್ಟು, ಇನ್ನು ಮುಂದೆ ನೀರಿಗಿಳಿಯದೆ ದಂಡೆಯಿಂದಲೇ ಎಲೆ ತೇಲಿಬಿಟ್ಟು ನೋಡು ಎಂದೂ ಸೇರಿಸಿದೆ.