ರೂಬಿಯ ಪುಟ

ಬೆಳಿಗ್ಗೆ ಕೆಲಸಕ್ಕೆ ಹೊರಟವನು ಬಾಗಿಲು ಎಳೆದುಕೊಂಡಾಗ ಬೆರಳಿಗೆ ಸೀಮೆಸುಣ್ಣ ಮೆತ್ತಿತು. ನೋಡಿದರೆ, ಪೀಣ್ಯದ ನನ್ನ ಬಾಡಿಗೆ ಕೋಣೆಯ ಬಾಗಿಲ ಮೇಲೆ ದಪ್ಪಕ್ಷರದಲ್ಲಿ ‘ನಾಳೆ ಬಾ’. ಓನರ್ ಹೆಂಡತಿಯ ಕೆಲಸ. ಆಗಾಗ ಏಳುವ ಈ ಸುದ್ದಿ ನಿಮಗೂ ಗೊತ್ತಿರುತ್ತದೆ: ದೆವ್ವ ನಮ್ಮವರ ದನಿಯಲ್ಲೇ ಬಾಗಿಲಲ್ಲಿ ನಿಂತು ಕರೆಯುತ್ತದಂತೆ, ತೆಗೆದವರು ಸಾಯುತ್ತಾರಂತೆ, ಬರಹ ಕಂಡರೆ ಮಾತ್ರ ಮರುದಿನ ಬರೋಣವೆಂದು ಹಿಂತಿರುಗುತ್ತದಂತೆ. ಓದಲು ಬಲ್ಲ, ಆದರೆ ನಿನ್ನೆ ಓದಿದ್ದು ನೆನಪಿಲ್ಲದ ದೆವ್ವ! ಚರ್ಚಾಸ್ಪರ್ಧೆಯಲ್ಲಿ ಇಂಥ ಎದುರಾಳಿ ನನಗೆ ಒಮ್ಮೆಯೂ ಸಿಗಲಿಲ್ಲವಲ್ಲ. ಅಳಿಸಲು ಒದ್ದೆ ಬಟ್ಟೆ ತಂದೆ. ತಂದವನಿಗೆ ಕಾಲೇಜು ದಿನಗಳ ಇನ್ನೊಂದು ಬಾಗಿಲು ನೆನಪಾಯಿತು.

ಕಾಲೇಜಿನಲ್ಲಿ ನಾನು ಫ್ರೆಂಚ್ ತೆಗೆದುಕೊಂಡಿದ್ದು ಸಾಹಿತ್ಯಪ್ರೇಮದಿಂದ ಅಂದುಕೊಳ್ಳಬೇಡಿ; ಅಂಕ ಧಾರಾಳವಾಗಿ ಕೊಡುತ್ತಾರೆಂಬ ಆಸೆ. ಪಾಠಕ್ಕೆಂದು ಶನಿವಾರ ಮಧ್ಯಾಹ್ನ ಅಪ್ಪನ ಫ್ಯಾಕ್ಟರಿ ಕ್ವಾರ್ಟರ್ಸ್‌ನಿಂದ ಹೂಡಿಯ ಮಾರ್ಗವಾಗಿ ವೈಟ್‌ಫೀಲ್ಡಿಗೆ ಸೈಕಲ್ ತುಳಿಯುತ್ತಿದ್ದೆ. ಅಲ್ಲಿ ಹೆಂಚಿನ ಮನೆಯಲ್ಲಿ ಮಿಸ್ ಐರಿಸ್ ಇದ್ದರು, ನಿವೃತ್ತ ಆಂಗ್ಲೋ ಇಂಡಿಯನ್ ಟೀಚರು. ಅವರಿಗೆ ಪ್ರಿಯವಾದದ್ದು ಫ್ರೆಂಚರ ದೆವ್ವದ ಕಥೆಗಳು. ಆ ದೆವ್ವಗಳಿಗೆ ಬಿಳಿ ಸೀರೆಯಿಲ್ಲ, ಗೆಜ್ಜೆಯಿಲ್ಲ, ತಿರುಗಿದ ಪಾದವಿಲ್ಲ. ಯಾರೋ ಒಬ್ಬನಿಗೆ ತನ್ನ ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ ಅನ್ನಿಸುತ್ತದೆ, ಅಷ್ಟೆ. ಇದ್ದಾರೋ, ಇವನಿಗೇ ತಲೆ ಕೆಟ್ಟಿದೆಯೋ, ಹೇಳುವವರಿಲ್ಲ. ತೀರ್ಪುಗಾರರೇ ಬಾರದ ಸ್ಪರ್ಧೆಯಂತಿದ್ದ ಅವನ್ನು ಕೇಳಿ ನನಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು.

ಸಾಲದ್ದಕ್ಕೆ ಅವರು ಓದುತ್ತಿದ್ದ ರೀತಿ. ಅಕ್ಕ ರೂಬಿ ಬದುಕಿದ್ದಾಗ ಒಂದು ಪುಟ ಇವರು, ಮುಂದಿನದು ಅಕ್ಕ, ಹೀಗೆ ಗಟ್ಟಿಯಾಗಿ ಓದುವ ಪದ್ಧತಿಯಂತೆ. ರೂಬಿ ತೀರಿಕೊಂಡು ವರ್ಷವಾಗಿತ್ತು. ಪದ್ಧತಿ ತೀರಿರಲಿಲ್ಲ. ತಮ್ಮ ಪುಟ ಮುಗಿಸಿ ಮಿಸ್ ಐರಿಸ್ ಪುಸ್ತಕವನ್ನು ಖಾಲಿ ಕುರ್ಚಿಯತ್ತ ತಿರುಗಿಸಿ ಇಡುತ್ತಿದ್ದರು. ಒಂದು ಪುಟ ಓದುವಷ್ಟು ಹೊತ್ತು ಮೌನ. ಆಮೇಲೆ ಆ ಪುಟ ಬಿಟ್ಟು ಮುಂದಿನದು.

“ಮಿಸ್, ನಂಗೆ ಅರ್ಧ ಕಥೆನೇ ಸಿಗ್ತಿಲ್ಲ!”

“ರೂಬಿ ಓದಿದ್ಲಲ್ಲ ಮ್ಯಾನ್. ಗಮನ ಎಲ್ಲಿತ್ತು?”

ನಾನು ವಾದ ಹೂಡಿದೆ: ಕೇಳಿಸದ ದನಿ ದನಿಯೇ ಅಲ್ಲ. “ಕಾಫಿ ಕುಡಿ,” ಅಂದರು.

ಈ ‘ನಾಳೆ ಬಾ’ ಸುದ್ದಿ ಆ ಕಡೆಗೂ ಬಂದಾಗ, ಹಾಲು ಹಾಕುವ ಹೂಡಿಯ ನಂಜಮ್ಮ ನನ್ನನ್ನು ಗೇಟಿನಲ್ಲೇ ಹಿಡಿದಳು. “ಮಿಸ್ಸಮ್ಮನ ಬಾಗ್ಲಿಗೂ ಬರ್ದಾಕಪ್ಪಾ. ರೂಬಿಯಮ್ಮನ ದನೀಲಿ ಕರುದ್ರೆ ಇವಮ್ಮ ಓಡೋಗಿ ತಗ್ದೇಬುಡ್ತದೆ.”

“ದೆವ್ವ ಇಲ್ಲ ನಂಜಮ್ಮ.”

“ಇಲ್ದಿದ್ರೆ ಬರ್ಯಾಕೇನಪ್ಪಾ ನಿಂಗೆ?”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಟ್ರೋಫಿ ಗೆದ್ದಿದ್ದ ನಾನು ಸೀಮೆಸುಣ್ಣ ಕೈಗೆತ್ತಿಕೊಂಡೆ. ಬರೆದೆ.

ಮಿಸ್ ಐರಿಸ್ ಹೊರಗೆ ಬಂದು, ಕನ್ನಡಕ ಏರಿಸಿ ಓದಿದರು. ಮುಖ ಬಾಡಿತು. “ರೂಬಿಗೆ ಕನ್ನಡ ಚೆನ್ನಾಗಿ ಬರ್ತಿತ್ತು ಮ್ಯಾನ್. ಇದನ್ನ ಓದಿ ವಾಪಸ್ ಹೋಗ್ಬಿಡ್ತಾಳೆ.”

“ನೀವು ನಂಬ್ತೀರಾ ಮಿಸ್?”

“ನಂಬಲ್ಲ. ಆದ್ರೂ ಅವಳಿಗೆ ಬೇಜಾರಾಗಲ್ವಾ?”

ಕರ್ಚೀಫಿಗೆ ಎಂಜಲು ತಾಗಿಸಿ ‘ನಾಳೆ’ಯನ್ನು ಮಾತ್ರ ಒರೆಸಿದರು. ‘ಬಾ’ ಉಳಿಯಿತು. ನಂಜಮ್ಮ ಹಾಲಿನ ಕ್ಯಾನು ಎತ್ತಿಕೊಂಡು ನನ್ನನ್ನೇ ಬೈಯುತ್ತ ಹೋದಳು.

ಅಂದಿನ ಕಥೆಯ ಕೊನೆಯ ಪುಟ ರೂಬಿಯ ಪಾಲಿಗೆ ಬಂತು. ಪುಸ್ತಕ ಕುರ್ಚಿಯತ್ತ ತಿರುಗಿತು. ನಾನು ಕೈ ಚಾಚಿದ್ದರೆ ಪುಸ್ತಕ ಸಿಗುತ್ತಿತ್ತು, ಚಾಚಲಿಲ್ಲ. ಮಿಸ್ ಐರಿಸ್ ತಲೆಯಾಡಿಸುತ್ತ, ನಡುವೆ ಒಮ್ಮೆ ಸಣ್ಣಗೆ ನಗುತ್ತ ಕೇಳಿಸಿಕೊಂಡರು.

“ಕೊನೆಗೆ ದೆವ್ವ ಇತ್ತಾ, ಇಲ್ವಾ?”

“ಅವಳು ಓದ್ತಿರೋವಾಗ ಕೇಳ್ಬೇಕಿತ್ತು.”

ಪರೀಕ್ಷೆಯಲ್ಲಿ ಅಂಕ ಬಂತು. ಮಿಸ್ ಐರಿಸ್ ಹೋದ ವರ್ಷ ತೀರಿಕೊಂಡರು. ನಾನು ಇವತ್ತಿಗೂ ದೆವ್ವ ನಂಬುವವನಲ್ಲ. ಬೇಕಾದರೆ ಬನ್ನಿ, ವಾದಿಸೋಣ. ಆದರೂ ಈ ಬೆಳಿಗ್ಗೆ ನನ್ನ ಬಾಗಿಲಲ್ಲಿ ಒದ್ದೆ ಬಟ್ಟೆಯಿಂದ ಮೊದಲ ಎರಡಕ್ಷರ ಒರೆಸಿ ಕೈ ನಿಲ್ಲಿಸಿದೆ.

“ಅಯ್ಯೋ, ಇದೇನ್ರೀ!” ಓನರ್ ಹೆಂಡತಿ ಕೂಗಿದರು. “ಅರ್ಧ ಅಳಿಸ್ಬಿಟ್ರಲ್ಲ, ಬಂದ್ಬಿಟ್ರೆ?”

“ಬರ್ಲಿ ಅಕ್ಕಾ. ಒಂದು ಪುಟ ಕೇಳೋದು ಬಾಕಿ ಇದೆ.”